ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುವವರಿಗೆ

ಮೊದಲ ಸಲ ಈ ಹರಕೆ ತೀರಿಸಲು ಹೋದಾಗ ನಾನು ದೇವರ ಮನೆಯ ಕುಂಕುಮದ ಬಟ್ಟಲನ್ನೇ ಹಿಡಿದುಕೊಂಡು ಹೊರಟಿದ್ದೆ. ಇನ್ನೂರು ಮೆಟ್ಟಿಲು ದಾಟುವುದರೊಳಗೆ ತಳ ಕಂಡಿತು. ಜೊತೆಗಿದ್ದ ಅತ್ತೆ, "ಸಾವಿರ ಮೆಟ್ಟಿಲಿಗೆ ಇಷ್ಟೇನಾ ತಂದಿದ್ದು?" ಅಂದರು. ಅವರ ಸೆರಗಿನ ಗಂಟಿನಲ್ಲಿ ಇನ್ನೊಂದು ಪೊಟ್ಟಣ ಇತ್ತು, ಬಚಾವಾದೆ.

ಹಾಗಾಗಿ ಅರಿಶಿನ, ಕುಂಕುಮ ಎರಡನ್ನೂ ಕಾಲು ಕೆಜಿಯಾದರೂ ತನ್ನಿ. ಒಣ ಪುಡಿ ಗಾಳಿಗೆ ಹಾರಿ ಹಿಂದಿನವರ ಕಣ್ಣಿಗೆ ಬೀಳುತ್ತದೆ. ಅಗಲ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿಕೊಳ್ಳಿ. ಬೆರಳಲ್ಲಿ ಒಂದು ಬೊಟ್ಟು ಸಾಕು. ಮೆಟ್ಟಿಲ ಅಂಚಿಗೆ, ಒಂದು ಪಕ್ಕಕ್ಕೆ ಇಡಿ. ನಡುವೆ ಬಳಿದರೆ ಯಾರಾದರೂ ಜಾರುತ್ತಾರೆ.

ಇನ್ನು ಸೊಂಟದ ವಿಷಯ. ನಿಂತ ಮೆಟ್ಟಿಲಿಗೆ ಬಗ್ಗಬೇಡಿ, ಎರಡು ಮೆಟ್ಟಿಲು ಮುಂದಿನದಕ್ಕೆ ಹಚ್ಚಿ. ಅರ್ಧ ಬಗ್ಗಿದರೆ ಸಾಕಾಗುತ್ತದೆ. ಬೆಟ್ಟದ ಪಾದದ ಹತ್ತಿರ ಮೆಟ್ಟಿಲುಗಳು ಕಡಿದಾಗಿವೆ. ಅಲ್ಲಿ ಉಸಿರು ಹೋಗುತ್ತದೆ, ಆದರೆ ಸೊಂಟಕ್ಕೆ ಸುಖ. ಮೇಲೆ ಹೋದಂತೆ ಮೆಟ್ಟಿಲು ತಗ್ಗಾದ ಕಡೆ ಉಲ್ಟಾ. ಇಬ್ಬರಿದ್ದರೆ ಒಬ್ಬರು ಅರಿಶಿನ, ಇನ್ನೊಬ್ಬರು ಕುಂಕುಮ. ನೂರಕ್ಕೊಮ್ಮೆ ಕೈ ಬದಲಿಸಿ.

ಸುಮಾರು 700 ಮೆಟ್ಟಿಲಾದ ಮೇಲೆ ನಂದಿ ಸಿಗುತ್ತಾನೆ. ದೊಡ್ಡ ದೇವರಾಜ ಒಡೆಯರ ಕಾಲದ್ದು, ಒಂದೇ ಕಲ್ಲಿನದು. ಕೊರಳಿನ ಗಂಟೆ ಸರ ನೋಡುತ್ತಾ ಅರ್ಧ ಗಂಟೆ ಕೂತುಬಿಡಿ. ಅತ್ತೆ ಅಲ್ಲಿ ಕೂತರೆ ಏಳುವುದೇ ಇಲ್ಲ. ಬಾಳೆಹಣ್ಣು ಮಾತ್ರ ಹೊರಗೆ ತೆಗೆಯಬೇಡಿ, ಕೋತಿಗಳು ಕಾಯುತ್ತಿರುತ್ತವೆ.

ಆಷಾಢ ಶುಕ್ರವಾರವೇ ಆಗಬೇಕು ಅನ್ನುವವರಿಗೆ ನನ್ನದೊಂದು ಮಾತು: ಅವತ್ತು ಜನ ಜಾಸ್ತಿ, ಬೊಟ್ಟು ಇಡುವಷ್ಟರಲ್ಲಿ ಹಿಂದಿನವರು ಕೈ ತುಳಿಯುತ್ತಾರೆ. ಮಳೆ ಬಂದರೆ ಕಲ್ಲು ಜಾರುತ್ತದೆ ಬೇರೆ. ಮಂಗಳವಾರ ಹೋದರೂ ತಾಯಿ ಅವಳೇ ಅಲ್ವಾ?

ಇಳಿಯುವಾಗ ಮೆಟ್ಟಿಲು ಬೇಡ, ಮಂಡಿ ಹಿಡಿದುಕೊಳ್ಳುತ್ತದೆ. ಮೇಲಿಂದ ಸಿಟಿ ಬಸ್ ಇದೆ. ಹತ್ತುವ ಮುಂಚೆ ಕೈ ತೊಳೆಯಿರಿ, ಬಸ್ಸಿನ ಕಂಬಿಯೆಲ್ಲ ಕೆಂಪಾಗುತ್ತದೆ. ಉಗುರಿನ ಹಳದಿ ಸೋಪಿಗೆ ಹೋಗದಿದ್ದರೆ ಮನೆಯಲ್ಲಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ.