ಹಳೇ ಬ್ರಿಟಿಷ್ ರೈಲು ಬೋಗಿಯ ನಂಬರ್ ಓದೋದು ಹೇಗೆ?

ಯಾರ್ಕ್‌ನ ರೈಲ್ವೆ ಮ್ಯೂಸಿಯಂಗೋ, ಸೆವರ್ನ್ ವ್ಯಾಲಿ ತರದ ಹಳೇ ಸ್ಟೀಮ್ ಲೈನಿಗೋ ಹೋದವರು ಇಂಜಿನ್ ಮುಂದೆ ನಿಂತು ಫೋಟೋ ಹೊಡ್ಕೊಂಡು ವಾಪಸ್ ಬರ್ತಾರೆ, ಬೋಗಿಗಳನ್ನ ಕೇಳೋರೇ ಇಲ್ಲ. ಆದ್ರೆ ಬೋಗಿ ಗೋಡೆಯ ತುದೀಲಿ ಸಣ್ಣಕ್ಕೆ ಬರ್ದಿರೋ ನಂಬರ್ ಇದ್ಯಲ್ಲ, ಅದನ್ನ ಓದೋಕೆ ಬಂದ್ರೆ ಆ ಬೋಗಿ ಯಾರ ಕೈಲಿತ್ತು, ಒಳಗೆ ಎಂಥ ಸೀಟು, ಫೋಟೋ ಸುಮಾರು ಯಾವ ಕಾಲದ್ದು ಅಂತೆಲ್ಲ ಹೇಳ್ಬಹುದು. ಓದೋ ಕ್ರಮ ಹೀಗೆ.

ಮೊದಲು ಮುಂದಿನ ಅಕ್ಷರ ನೋಡಿ

1948ರ ಜನವರಿ 1ಕ್ಕೆ ಅಲ್ಲಿನ ನಾಲ್ಕು ದೊಡ್ಡ ಖಾಸಗಿ ಕಂಪನಿಗಳು, ಅಂದ್ರೆ ಗ್ರೇಟ್ ವೆಸ್ಟರ್ನ್, ಎಲ್‌ಎಂಎಸ್ (ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್), ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್) ಮತ್ತೆ ಸದರ್ನ್, ಸರ್ಕಾರದ ಪಾಲಾಗಿ ಬ್ರಿಟಿಷ್ ರೈಲ್ವೇಸ್ ಆಯ್ತು, ಅದನ್ನ ಆರು ರೀಜನ್ ಆಗಿ ಹಂಚಿದ್ರು. ನಂಬರಿನ ಮುಂದಿರೋ ಅಕ್ಷರ ರೀಜನ್‌ದು: ಡಬ್ಲ್ಯು ಅಂದ್ರೆ ವೆಸ್ಟರ್ನ್, ಎಂ ಅಂದ್ರೆ ಲಂಡನ್ ಮಿಡ್‌ಲ್ಯಾಂಡ್, ಇ ಅಂದ್ರೆ ಈಸ್ಟರ್ನ್, ಎಸ್ ಅಂದ್ರೆ ಸದರ್ನ್, ಎಸ್‌ಸಿ ಅಂದ್ರೆ ಸ್ಕಾಟಿಷ್. ಎನ್‌ಇ ಕಂಡ್ರೆ ನಾರ್ತ್ ಈಸ್ಟರ್ನ್, ಆದ್ರೆ ಆ ರೀಜನ್ 1967ರಲ್ಲಿ ಈಸ್ಟರ್ನ್ ಜೊತೆ ಸೇರ್ಕೊಂಡ್ಬಿಡ್ತು, ಹಾಗಾಗಿ ಅದು ಇರೋ ಫೋಟೋ ಸಿಕ್ರೆ ಹಳೇದು ಅಂತ ಊಹೆ ಮಾಡ್ಬಹುದು.

ಈ ಅಕ್ಷರ ಶಾಶ್ವತ ಅಲ್ಲ. ಬೋಗಿ ಯಾವ ರೀಜನ್‌ಗೆ ಅಲಾಟ್ ಆಗಿತ್ತೋ, ಅಂದ್ರೆ ಯಾರು ಅದನ್ನ ನೋಡ್ಕೋತಿದ್ರೋ, ಅವರ ಅಕ್ಷರ ಅಷ್ಟೇ. ಬೇರೆ ಕಡೆ ವರ್ಗಾವಣೆ ಆದ್ರೆ ಮುಂದಿನ ಅಕ್ಷರ ಅಳಿಸಿ ಹೊಸದು ಬರೀತಿದ್ರು, ನಂಬರ್ ಮುಟ್ತಿರ್ಲಿಲ್ಲ.

ಆಮೇಲೆ ಹಿಂದೆ ಅಕ್ಷರ ಇದ್ಯಾ ನೋಡಿ

ಎಲ್ರೂ ಎಡವೋದು ಇಲ್ಲೇ, ಮಜಾ ಇರೋದೂ ಇಲ್ಲೇ. ನಾಲ್ಕೂ ಕಂಪನಿ ತಮ್ಮ ತಮ್ಮ ಪುಸ್ತಕದಲ್ಲಿ ತಾವೇ ನಂಬರ್ ಕೊಟ್ಕೊಂಡಿದ್ರು, ಒಂದೇ ನಂಬರಿನ ಬೋಗಿ ಇಬ್ಬರ ಹತ್ರ ಇದ್ರೆ ಆಗ ಯಾರಿಗೂ ತೊಂದ್ರೆ ಇರ್ಲಿಲ್ಲ. ಎಲ್ಲಾ ಒಂದೇ ಮನೆಗೆ ಬಂದ್ಮೇಲೆ, ಅದ್ರ ಮೇಲೆ 1951ರಿಂದ ಮಾರ್ಕ್ 1 ಅನ್ನೋ ಹೊಸ ಸ್ಟ್ಯಾಂಡರ್ಡ್ ಬೋಗಿಗಳು ತಮ್ಮದೇ ಹೊಸ ನಂಬರ್ ಸಾಲು ಹಿಡ್ಕೊಂಡು ಬರೋಕೆ ಶುರುವಾದ್ಮೇಲೆ, ಗೊಂದಲ ಆಗದೇ ಇರುತ್ತಾ? ಅದಕ್ಕೆ ಹಳೇ ಬೋಗಿಗಳ ನಂಬರ್ ಹಿಂದೆ ಇನ್ನೊಂದು ಅಕ್ಷರ ಸೇರಿಸಿದ್ರು, ಯಾರ ಪುಸ್ತಕದ ನಂಬರ್ ಅಂತ ಗೊತ್ತಾಗ್ಲಿ ಅಂತ. ಗ್ರೇಟ್ ವೆಸ್ಟರ್ನ್‌ಗೆ ಡಬ್ಲ್ಯು, ಎಲ್‌ಎಂಎಸ್‌ಗೆ ಎಂ, ಎಲ್‌ಎನ್‌ಇಆರ್‌ಗೆ ಇ, ಸದರ್ನ್‌ಗೆ ಎಸ್.

ಸುಮ್ನೆ ಉದಾಹರಣೆಗೆ ಎಂ 12345 ಎಂ ಅಂತಿದ್ರೆ ಎಲ್‌ಎಂಎಸ್ ನಂಬರಿನ ಬೋಗಿ, ಲಂಡನ್ ಮಿಡ್‌ಲ್ಯಾಂಡಲ್ಲೇ ಓಡ್ತಿದೆ. ಅದೇ ಬೋಗಿ ಸ್ಕಾಟ್ಲೆಂಡಿಗೆ ಹೋದ್ರೆ ಎಸ್‌ಸಿ 12345 ಎಂ ಆಗುತ್ತೆ. ಸ್ಕಾಟಿಷ್ ರೀಜನ್ ಕಥೆ ನಿಜಕ್ಕೂ ಚೆನ್ನಾಗಿದೆ, ಯಾಕಂದ್ರೆ ಅಲ್ಲಿ ಮೊದ್ಲು ಎಲ್‌ಎಂಎಸ್ ಮತ್ತೆ ಎಲ್‌ಎನ್‌ಇಆರ್ ಎರಡೂ ಓಡ್ತಿದ್ವು, ಇಬ್ಬರ ಬೋಗಿನೂ ಅದಕ್ಕೇ ಬಂತು, ಹಿಂದಿನ ಅಕ್ಷರ ಇಲ್ದೇ ಇದ್ರೆ ಅಲ್ಲಿನ ಗುಮಾಸ್ತನ ಗತಿ ಏನು ಹೇಳಿ. ಸ್ಕಾಟಿಷ್ ಅನ್ನೋದಕ್ಕೆ ಹಿಂದಿನ ಅಕ್ಷರ ಇಲ್ಲ, ಆ ಹೆಸರಿನ ಪುಸ್ತಕವೇ ಇರ್ಲಿಲ್ವಲ್ಲ.

ಹಿಂದೆ ಏನೂ ಇಲ್ಲ, ಫೋಟೋ 1951ರ ನಂತರದ್ದು ಅಂತಾದ್ರೆ ಅದು ಹೊಸ ಬ್ರಿಟಿಷ್ ರೈಲ್ವೇಸ್ ಸಾಲಿನ ಬೋಗಿ. ಇನ್ನೊಂದು ಹುಷಾರು: ಹಿಂದೆ ಅಕ್ಷರ ಇದ್ದ ಮಾತ್ರಕ್ಕೆ 1948ಕ್ಕೆ ಮುಂಚೆ ಕಟ್ಟಿದ್ದು ಅಂತ ಅಲ್ಲ, ಹಳೇ ಡಿಸೈನಿನ ಬೋಗಿಗಳನ್ನ ಸರ್ಕಾರಿ ಆದ್ಮೇಲೂ ಕೆಲವು ವರ್ಷ ಕಟ್ಟಿದ್ರು, ಅವಕ್ಕೂ ಹಳೇ ಪುಸ್ತಕದ ನಂಬರೇ ಕೊಟ್ರು.

ಈಗ ಅಂಕಿಗೆ ಬನ್ನಿ

ನಮ್ಮ ನೈಋತ್ಯ ರೈಲ್ವೆ ಬೋಗಿ ನೋಡಿ ಅಭ್ಯಾಸ ಇರೋರು ಮೊದಲ ಎರಡು ಅಂಕಿ ತಯಾರಾದ ವರ್ಷ ಅನ್ಕೋತಾರೆ. ಅಲ್ಲಿ ಹಾಗಿಲ್ಲ. ಮಾರ್ಕ್ 1ರಲ್ಲಿ ಅಂಕಿ ಹೇಳೋದು ಬೋಗಿ ಯಾವ ಜಾತಿ ಅಂತ. 2000ದ ಸಾಲು ಸ್ಲೀಪರ್, 3000ದ ಶುರು ಫಸ್ಟ್ ಕ್ಲಾಸ್ ಓಪನ್ (ಕಂಪಾರ್ಟ್‌ಮೆಂಟ್ ಇಲ್ದೇ ಇಡೀ ಬೋಗಿ ಒಂದೇ ಹಾಲ್), 3700ರ ಆಚೆ ಸೆಕೆಂಡ್ ಕ್ಲಾಸ್ ಓಪನ್, 13000 ಫಸ್ಟ್ ಕ್ಲಾಸ್ ಕಾರಿಡಾರ್ (ಕಂಪಾರ್ಟ್‌ಮೆಂಟ್‌ಗಳು, ಪಕ್ಕದಲ್ಲಿ ಓಡಾಡೋ ದಾರಿ), 24000ದಿಂದ ಸೆಕೆಂಡ್ ಕ್ಲಾಸ್ ಕಾರಿಡಾರ್, 34000 ಮತ್ತೆ 35000 ಅಂದ್ರೆ ಅದೇ ಕಾರಿಡಾರ್ ಬೋಗಿ, ಜೊತೆಗೆ ಗಾರ್ಡ್ ರೂಮು. 80500ರ ಆಚೆ ಲಗೇಜ್ ವ್ಯಾನ್.

ಪಟ್ಟಿಗಳಲ್ಲಿ ಇವನ್ನ ಟಿಎಸ್‌ಒ, ಎಸ್‌ಕೆ, ಬಿಎಸ್‌ಕೆ ಅಂತ ಚುಟುಕಾಗಿ ಬರೀತಾರೆ. ಒ ಅಂದ್ರೆ ಓಪನ್, ಕೆ ಅಂದ್ರೆ ಪಕ್ಕದಲ್ಲಿ ಕಾರಿಡಾರ್ ಇರೋದು (ಸಿ ಅಕ್ಷರ ಆಗ್ಲೇ ಎರಡು ಕ್ಲಾಸ್ ಸೇರಿದ ಕಾಂಪೋಸಿಟ್ ಬೋಗಿಗೆ ಹೋಗಿತ್ತು), ಬಿ ಅಂದ್ರೆ ಬ್ರೇಕ್, ಅಂದ್ರೆ ಗಾರ್ಡ್ ಜಾಗ, ಎಸ್ ಅಂದ್ರೆ ಸೆಕೆಂಡ್, ಟಿಎಸ್‌ಒದ ಮೊದಲ ಟಿ ಅಂದ್ರೆ ಟೂರಿಸ್ಟ್. ಟಿಎಸ್‌ಒ ಅಂದ್ರೆ ಸಾಲಿಗೆ ನಾಲ್ಕು ಸೀಟು, ಒಟ್ಟು 64. ಬರೀ ಎಸ್‌ಒ ಅಂದ್ರೆ ಸಾಲಿಗೆ ಮೂರು, ಒಟ್ಟು 48. 1956ರ ಜೂನ್ 3ರವರೆಗೆ ಸೆಕೆಂಡ್ ಅನ್ನೋದಕ್ಕೆ ಥರ್ಡ್ ಅಂತಿದ್ರು, ಅದಕ್ಕೇ ಹಳೇ ಪಟ್ಟೀಲಿ ಎಸ್ ಇರೋ ಜಾಗದಲ್ಲಿ ಟಿ ಕಂಡ್ರೆ ಗಾಬರಿ ಬೇಡ.

ಬಣ್ಣ ನೋಡಿ ಮೋಸ ಹೋಗ್ಬೇಡಿ

ಹೆರಿಟೇಜ್ ಲೈನಿನವರು ತಮ್ಮ ಊರಿಗೆ ಹೊಂದೋ ಬಣ್ಣ ಬಳಿದು ಮುಂದಿನ ಅಕ್ಷರನೂ ಅದಕ್ಕೆ ತಕ್ಕಂತೆ ಬರ್ದುಬಿಡ್ತಾರೆ. ಚಾಕೊಲೇಟು ಕ್ರೀಮು ಬಣ್ಣ, ಮುಂದೆ ಡಬ್ಲ್ಯು, ನೋಡೋಕೆ ಚಂದ, ಆದ್ರೆ ಆ ಬೋಗಿ ವೆಸ್ಟರ್ನ್ ರೀಜನ್ ಮುಖಾನೇ ನೋಡಿರದೇ ಇರ್ಬಹುದು. ನನ್ನ ಕೇಳಿದ್ರೆ ಇದು ತಪ್ಪೇನಲ್ಲ, ಆದ್ರೆ ಇತಿಹಾಸ ಅಂತ ಬರ್ಕೋಬೇಡಿ. ಅಂಕಿ ಮಾತ್ರ ಇಟ್ಕೊಂಡು, ಕೀಗ್ಲಿ ಹತ್ರ ಇಂಗ್ರೋದಲ್ಲಿರೋ ವಿಂಟೇಜ್ ಕ್ಯಾರೇಜಸ್ ಟ್ರಸ್ಟ್‌ನವರ ಬೋಗಿ ಸರ್ವೆ ಪಟ್ಟೀಲಿ ಹುಡುಕಿ, ಅದೇ ಸರಿಯಾದ ದಾರಿ.

ನಂಬರೇ ಬದಲಾಗಿದ್ರೆ?

ಇದೂ ಆಗುತ್ತೆ. ಪ್ಯಾಸೆಂಜರ್ ಕೆಲಸ ಮುಗ್ಸಿ ರೈಲ್ವೆಯ ಸ್ವಂತ ಕೆಲಸಕ್ಕೆ ಹೋದ ಎಷ್ಟೋ ಬೋಗಿಗೆ ಮುಂದೆ ಎಡಿಬಿ ಅನ್ನೋ ಅಕ್ಷರ, ಆಮೇಲೆ 975 ಅಥವಾ 977ರಿಂದ ಶುರುವಾಗೋ ಆರಂಕಿ ನಂಬರ್ ಬಂತು. ಡೀಸೆಲ್ ಮಲ್ಟಿಪಲ್ ಯೂನಿಟ್‌ಗಳದ್ದು, ಅಂದ್ರೆ ಬೇರೆ ಇಂಜಿನ್ ಇಲ್ದೇ ತಾವೇ ಓಡೋ ಡೀಸೆಲ್ ರೈಲುಗಳದ್ದು, ಇನ್ನೊಂದು ರಗಳೆ: ಅವುಗಳ 50000 ಮತ್ತೆ 56000 ಸಾಲು ಕ್ಲಾಸ್ 50, ಕ್ಲಾಸ್ 56 ಇಂಜಿನ್ ನಂಬರಿಗೆ ಡಿಕ್ಕಿ ಹೊಡೀತು ಅಂತ 1983ರಲ್ಲಿ 53000 ಮತ್ತೆ 54000ಕ್ಕೆ ಬದಲಾಯಿಸಿದ್ರು. ಒಂದೇ ಬೋಗಿ, ಎರಡು ಫೋಟೋಲಿ ಎರಡು ನಂಬರ್.

ರಾಜಮನೆತನದ ರೈಲೂ ಇದಕ್ಕೆ ಹೊರತಲ್ಲ. ರಾಣಿ ಎರಡನೇ ಎಲಿಜಬೆತ್ ಓಡಾಡ್ತಿದ್ದ 2903 ಮತ್ತೆ ಫಿಲಿಪ್ ಅವರ 2904 ಬೋಗಿಗಳು ಮೊದ್ಲು ಹೈಸ್ಪೀಡ್ ಟ್ರೇನಿನ ಪ್ರೊಟೋಟೈಪಲ್ಲಿ ಜನಸಾಮಾನ್ಯರ ಬೋಗಿಗಳಾಗಿದ್ವು, ಆಗ ಅವುಗಳ ನಂಬರ್ 11001 ಮತ್ತೆ 12001.