ನಡೀತಾರಾ ಅಂತ ಕೇಳೋದನ್ನ ಬಿಟ್ಟೆ

ನಮ್ಮ ಮೆಡಿಸಿನ್ ವಾರ್ಡಲ್ಲಿ ಅಡ್ಮಿಟ್ ಆದ ಪ್ರತಿಯೊಬ್ರಿಗೂ ರಕ್ತ ಹೆಪ್ಪುಗಟ್ಟೋ ರಿಸ್ಕ್ ಎಷ್ಟಿದೆ ಅಂತ ಒಂದು ಫಾರಂ ತುಂಬ್ತೀವಿ, ಪಡುವಾ ಸ್ಕೋರ್ ಅಂತ, ಹನ್ನೊಂದು ಪ್ರಶ್ನೆ, 4 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಹೈ ರಿಸ್ಕ್, ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆ ಚರ್ಮದಡಿ ಹಾಕೋ ಹೆಪಾರಿನ್ ಇಂಜೆಕ್ಷನ್ ಬಗ್ಗೆ ಯೋಚ್ನೆ ಮಾಡ್ಬೇಕು. ವರ್ಷಗಟ್ಲೆ ನಾನೂ ಅದನ್ನ ಸೈನ್ ಹಾಕಿ ಫೈಲಿಗೆ ಸೇರ್ಸೋ ಪೇಪರ್ ಅಂತಾನೇ ನೋಡಿದ್ದು, ಸುಳ್ಳು ಯಾಕೆ ಹೇಳ್ಲಿ.

ಆಮೇಲೆ ಒಬ್ರು ಅಜ್ಜಿ ಬಂದ್ರು. 74 ವರ್ಷ, ನ್ಯುಮೋನಿಯಾ. ಜ್ವರ ಇಳಿದಿತ್ತು, ಐದನೇ ದಿನ ಡಿಸ್ಚಾರ್ಜ್ ಅಂತ ಮಗಳು ಬ್ಯಾಗ್ ಕಟ್ಟಿ ಇಟ್ಟಿದ್ರು, ಬಾತ್‌ರೂಮಿಂದ ವಾಪಸ್ ಬರ್ತಾ ಅಜ್ಜಿ ಕುಸಿದು ಬಿದ್ರು. ಸಿಟಿ ಸ್ಕ್ಯಾನ್ ಮಾಡ್ಸಿದ್ರೆ ಶ್ವಾಸಕೋಶದ ರಕ್ತನಾಳದಲ್ಲಿ ಕ್ಲಾಟ್, ಹೆಪ್ಪುಗಟ್ಟಿದ ರಕ್ತ. ಬದುಕಿದ್ರು, ಅವ್ರ ಪುಣ್ಯ. ರಾತ್ರಿ ಕೇಸ್‌ಶೀಟ್ ತೆಗ್ದು ನೋಡ್ತೀನಿ, ಸ್ಕೋರ್ 2. ವಯಸ್ಸು 70 ದಾಟಿದ್ದಕ್ಕೆ 1, ಇನ್ಫೆಕ್ಷನ್‌ಗೆ 1. ಓಡಾಟ ಕಮ್ಮಿ ಇದ್ಯಾ ಅನ್ನೋ ಕಡೆ "ಇಲ್ಲ" ಅಂತ ಟಿಕ್. ಅದೊಂದಕ್ಕೇ 3 ಮಾರ್ಕ್ಸು. ಕೆಳಗಿನ ಸೈನ್ ನಂದೇ.

ಸಿಸ್ಟರ್‌ನ ಬೈಯೋಕೆ ಹೋಗ್ಲಿಲ್ಲ, ಏನ್ ಕೇಳಿದ್ರಿ ಅಂತ ಮಾತ್ರ ಕೇಳ್ದೆ. "ಅಜ್ಜಿ ನಡೀತಾರಾ ಅಂದೆ ಸರ್, ಅಯ್ಯೋ ತೋಟಕ್ಕೆಲ್ಲಾ ಒಬ್ರೇ ಹೋಗಿ ಬರ್ತಾರೆ ಅಂದ್ರು ಮಗಳು." ಮಗಳು ಹೇಳಿದ್ದೂ ಸರೀನೇ, ಮನೆ ಕಥೆ ಹೇಳಿದ್ರು. ಆಸ್ಪತ್ರೆಗೆ ಬಂದ್ಮೇಲೆ ಅಜ್ಜಿ ಮಂಚದಿಂದ ಇಳಿದಿದ್ದು ಬಾತ್‌ರೂಮಿಗೆ ಮಾತ್ರ, ಅದೂ ಇಬ್ರು ಹಿಡ್ಕೊಂಡು, ಮಿಕ್ಕ ಟೈಮೆಲ್ಲಾ "ಏಳ್ಬೇಡಮ್ಮಾ ರೆಸ್ಟ್ ಮಾಡು" ಅಂತ ಇದೇ ಮಗಳು ಮಲಗಿಸ್ತಿದ್ರು. ಬಾತ್‌ರೂಮಿಗೆ ಎದ್ದು ಹೋದ್ರೂ ಮೂರು ದಿನ ಬೆಡ್ಡಲ್ಲೇ ಇರೋ ಹಾಗಿದ್ರೆ ಅದು ಓಡಾಟ ಕಮ್ಮಿ ಅಂತಾನೇ ಈ ಸ್ಕೋರಲ್ಲಿ ಲೆಕ್ಕ, ನಮ್ಮ ವಾರ್ಡಲ್ಲಿ ಬಹಳ ಜನಕ್ಕೆ ಅದೇ ಗೊತ್ತಿರ್ಲಿಲ್ಲ.

ಫಾರಂ ಬದಲಾಯ್ಸೋಕೆ ಹೋಗ್ಲಿಲ್ಲ, ಅದಕ್ಕೆ ಕಮಿಟಿ ಮೀಟಿಂಗು ಅದು ಇದು. ಪ್ರಶ್ನೆ ಬದಲಾಯ್ಸಿದ್ವಿ. ನಡೀತಾರಾ ಅಂತ ಕೇಳಂಗಿಲ್ಲ. "ನಿನ್ನೆಯಿಂದ ಎಷ್ಟ್ ಸಲ ಮಂಚ ಇಳಿದ್ರಿ? ತಿಂಡಿ ಎಲ್ಲಿ ಕೂತು ತಿಂದ್ರಿ?" ಎರಡೇ. ತಿಂಡಿ ಮಲಗಿದ ಕಡೆನೇ ಅಂದ್ರೆ ಸಿಸ್ಟರ್‌ಗೆ ಅರ್ಥ ಆಗುತ್ತೆ. ಮೂರನೇ ದಿನ ರೌಂಡ್ಸಲ್ಲಿ ಅದೇ ಎರಡು ಪ್ರಶ್ನೆ ಮತ್ತೆ, ಯಾಕಂದ್ರೆ ಬಂದ ದಿನ ನಡ್ಕೊಂಡು ಬಂದವ್ರು ಮೂರನೇ ದಿನಕ್ಕೆ ಡೈಪರ್‌ನಲ್ಲಿ ಇರ್ತಾರೆ.

ಆಗ ಇನ್ನೊಂದು ತಲೆನೋವು ಶುರುವಾಯ್ತು, ಎಲ್ರಿಗೂ ಸ್ಕೋರ್ ಜಾಸ್ತಿ ಬರೋಕೆ ಶುರುವಾಗಿ ಎಲ್ರಿಗೂ ಎನಾಕ್ಸಪರಿನ್ (ಹೆಪಾರಿನ್ ಜಾತಿಯದೇ ಇಂಜೆಕ್ಷನ್) 40 ಮಿಲಿಗ್ರಾಂ ಬರೀತಾ ಹೋದ್ವಿ. ಇನ್ನೊಬ್ರು ಅಜ್ಜಿಗೆ ಹೊಟ್ಟೆ ಮೇಲೆ ಅಂಗೈ ಅಗಲ ನೀಲಿ ಕಲೆ, ಚರ್ಮದಡಿ ರಕ್ತ. 78 ವರ್ಷ, ಕಿಡ್ನಿಗೆ ಮಾಡೋ ರಕ್ತದ ಟೆಸ್ಟ್ ಕ್ರಿಯಾಟಿನಿನ್ 1.1, ನೋಡೋಕೆ ನಾರ್ಮಲ್ಲೇ. ಶೀಟಲ್ಲಿ ತೂಕ 50 ಅಂದಾಜು ಅಂತ ಇತ್ತು, ಆ ಲೆಕ್ಕದಲ್ಲಿ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದ್ರೆ ವಯಸ್ಸು ತೂಕ ಸೇರಿಸಿ ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಲೆಕ್ಕ, 33. ಯಾಕೋ ಡೌಟ್ ಬಂದು ಇಬ್ರು ಹಿಡ್ಕೊಂಡು ಮಷಿನ್ ಮೇಲೆ ನಿಲ್ಸಿದ್ರೆ 42 ಕೆಜಿ. ಈಗ ಕ್ಲಿಯರೆನ್ಸ್ 28. ಮೂವತ್ತರ ಕೆಳಗೆ ಹೋದ್ರೆ ಔಷಧಿ ಮೈಯಲ್ಲೇ ಉಳ್ಕೊಳ್ಳುತ್ತೆ, 40 ಹಾಗೇ ಕೊಡೋಕಾಗಲ್ಲ, ಡೋಸ್ ಇಳಿಸ್ಬೇಕು, ಇಲ್ಲಾ ಮಾಮೂಲಿ ಹೆಪಾರಿನ್ 5000 ಯೂನಿಟ್‌ಗೆ ಹೋಗ್ಬೇಕು. ಎಂಟು ಕೆಜಿ ಅಂದಾಜಿನ ತಪ್ಪು ಅಷ್ಟೇ. ಅವತ್ತಿಂದ ತೂಕ, ಪ್ಲೇಟ್‌ಲೆಟ್, ಅಲ್ಸರ್ ಇತ್ತಾ, ಇದಿಷ್ಟು ನೋಡದೆ ಇಂಜೆಕ್ಷನ್ ಬರೀಬಾರ್ದು ಅಂತ ಮಾಡ್ಕೊಂಡ್ವಿ.

ಎಲ್ಲಾ ಸರಿ ಹೋಯ್ತು ಅಂತ ಹೇಳಲ್ಲ. ಮೊನ್ನೆ ನೈಟ್ ಅಡ್ಮಿಷನ್ ಒಂದು ನೋಡ್ದೆ, ಮತ್ತೆ "50 ಅಂದಾಜು". ಏನ್ ಸಿಸ್ಟರ್ ಇದು ಅಂದ್ರೆ, "ಮಷಿನ್ ಸೆಲ್ ಹೋಗಿದೆ ಸರ್, ಇಂಡೆಂಟ್ ಹಾಕಿ ಹದಿನೈದು ದಿನ ಆಯ್ತು" ಅಂದ್ರು. ಸಂಜೆ ಎದುರಿನ ಅಂಗಡಿಯಿಂದ ನಾನೇ ಎರಡು ಸೆಲ್ ತಂದು ಕೊಟ್ಟೆ.