ಮಳೆಗಾಲ ದಾಟಿಯೂ ಓದಲು ಬರುವ ಬಸ್ ನಕ್ಷೆ, ಬೋರ್ಡು: ಮಾಡುವುದು, ನೋಡಿಕೊಳ್ಳುವುದು ಹೇಗೆ?

ಕೊಡಗಿಗೆ ರೈಲಿಲ್ಲ. ಸ್ವಂತ ಗಾಡಿ ಇಲ್ಲದವರಿಗೆ ಆಸ್ಪತ್ರೆಗೂ ಬಸ್ಸೇ, ಸಂತೆಗೂ ಬಸ್ಸೇ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಅನ್ನೋದನ್ನು ಊರಿನವರು ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಾರೆ. ತೋಟದ ಕೆಲಸಕ್ಕೆ ಹೊರ ರಾಜ್ಯದಿಂದ ಬಂದವರು, ಮೊದಲ ಸಲ ಒಂಟಿಯಾಗಿ ಮಡಿಕೇರಿಗೆ ಬಂದ ಅಜ್ಜಿ, ಕಿವಿ ಕೇಳದವರು ಯಾರನ್ನು ಕೇಳಬೇಕು? ಅವರಿಗಾಗಿಯೇ ಬೋರ್ಡು ಬೇಕು.

ಆದರೆ ಬೋರ್ಡು ಹಾಕುವುದು ಒಂದು ದಿನದ ಕೆಲಸ. ಅದನ್ನು ಸರಿಯಾಗಿ ಇಟ್ಟುಕೊಳ್ಳುವುದು ವರ್ಷವಿಡೀ ಇರುವ ಕೆಲಸ. ನಿಂತುಹೋದ ಕೊನೆ ಬಸ್ಸಿನ ಸಮಯವನ್ನು ತೋರಿಸುವ ಬೋರ್ಡಿಗಿಂತ ಬೋರ್ಡೇ ಇಲ್ಲದಿರುವುದು ವಾಸಿ. ಅದನ್ನು ನಂಬಿದವರು ಕತ್ತಲಲ್ಲಿ, ಮಳೆಯಲ್ಲಿ ರಸ್ತೆಬದಿ ನಿಲ್ಲಬೇಕಾಗುತ್ತದೆ. ಗ್ರಾಮ ಪಂಚಾಯಿತಿ, ಯುವಕ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಘಟಕ, ಯಾರೇ ಈ ಕೆಲಸಕ್ಕೆ ಕೈ ಹಾಕಿದರೂ ನೋಡಿಕೊಳ್ಳುವವರು ಯಾರು ಅನ್ನೋದನ್ನು ಮೊದಲೇ ತೀರ್ಮಾನಿಸಿ.

ಮೊದಲು ಪಟ್ಟಿ

ಬರೆಯುವ ಮೊದಲು ಒಂದು ದಾರಿ ಹಿಡಿದು ಹೋಗಿ. ಮಡಿಕೇರಿಯಿಂದ ವಿರಾಜಪೇಟೆಗೆ ಹೊರಟರೆ ಮೇಕೇರಿ, ಹಾಕತ್ತೂರು, ಮೂರ್ನಾಡು, ಬೇತ್ರಿ, ಕಾಕೋಟುಪರಂಬು ಸಿಗುತ್ತವೆ. ನಡುವೆ ಎಸ್ಟೇಟಿನ ಗೇಟು, ಅಂಗಡಿ, ಮರದ ಹೆಸರಲ್ಲಿ ಗುರುತಾಗಿರುವ ಎಷ್ಟೋ ಸ್ಟಾಪುಗಳಿವೆ. ಜನ ಕಂಡಕ್ಟರಿಗೆ ಹೇಳುವ ಹೆಸರನ್ನೇ ಬರೆದುಕೊಳ್ಳಿ, ಕಡತದಲ್ಲಿರುವ ಹೆಸರು ಬೇರೆಯಾಗಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ವಿರಾಜಪೇಟೆ ಒಂದು ಕಡೆ, ವೀರಾಜಪೇಟೆ ಇನ್ನೊಂದು ಕಡೆ ಆಗಬಾರದು. ಒಂದನ್ನು ಆರಿಸಿ ಎಲ್ಲ ಬೋರ್ಡಿಗೂ ಅದನ್ನೇ ಬಳಸಿ.

ಸಮಯವನ್ನು ಸರ್ಕಾರಿ ಬಸ್ಸಿಗೆ ಡಿಪೋ ಅಥವಾ ನಿಲ್ದಾಣದ ಕಂಟ್ರೋಲರ್ ಹತ್ತಿರ, ಖಾಸಗಿ ಬಸ್ಸಿಗೆ ಮಾಲೀಕರ ಅಥವಾ ಕಂಡಕ್ಟರುಗಳ ಹತ್ತಿರ ಕೇಳಿ. ಕಾಗದದ ಸಮಯಕ್ಕೂ ರಸ್ತೆಯ ಸಮಯಕ್ಕೂ ವ್ಯತ್ಯಾಸ ಇರುತ್ತದೆ, ಅಲ್ವಾ? ಹಾಗಾಗಿ ಸ್ಟಾಪಿನಲ್ಲಿ ನಿಂತು ತಾಳೆ ನೋಡಲೇಬೇಕು. ಎರಡೂ ಬಗೆಯ ಬಸ್ಸುಗಳಿಗೆ ಬೇರೆ ಬೇರೆ ಗುರುತು ಹಾಕಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ, ಖಾಸಗಿಯಲ್ಲಿ ಇದೆ. ದಿನಗೂಲಿಗೆ ಹೋಗುವ ಹೆಂಗಸಿಗೆ ಬೋರ್ಡಿನಲ್ಲಿ ಬೇಕಾಗಿರುವುದು ಮುಖ್ಯವಾಗಿ ಈ ಮಾಹಿತಿಯೇ.

ನಕ್ಷೆಯಲ್ಲಿ ತಿರುವುಗಳು ಬೇಡ

ಲಂಡನ್ನಿನ ಸುರಂಗ ರೈಲಿಗೆ ಹ್ಯಾರಿ ಬೆಕ್ ಬರೆದ ನಕ್ಷೆ 1933ರಲ್ಲಿ ಜನರ ಕೈಗೆ ಬಂತು. ಅವರು ನೆಲದ ಮೇಲಿನ ನಿಜವಾದ ದೂರವನ್ನು ಬಿಟ್ಟುಬಿಟ್ಟರು. ಗೆರೆಗಳು ಅಡ್ಡ, ಉದ್ದ, ಇಲ್ಲವೇ 45 ಡಿಗ್ರಿ ಓರೆ, ಅಷ್ಟೇ. ಯಾವುದರ ನಂತರ ಯಾವುದು, ಎಲ್ಲಿ ಬದಲಾಯಿಸಬೇಕು ಎಂಬುದು ಮಾತ್ರ ಉಳಿಯಿತು. ಘಟ್ಟದ ತಿರುವುಗಳೇ ತುಂಬಿರುವ ನಮ್ಮ ಜಿಲ್ಲೆಗೆ ಈ ದಾರಿ ಚೆನ್ನಾಗಿ ಒಪ್ಪುತ್ತದೆ. ಸಂಪಾಜೆ ಘಾಟಿಯ ಪ್ರತಿ ತಿರುವನ್ನೂ ಬರೆದರೆ ಊರ ಹೆಸರಿಗೆ ಜಾಗ ಉಳಿಯುವುದಿಲ್ಲ.

ಕಿಲೋಮೀಟರಿಗಿಂತ ನಿಮಿಷ ಬರೆಯುವುದು ಒಳ್ಳೆಯದು. ಭಾಗಮಂಡಲದಿಂದ ತಲಕಾವೇರಿ 8 ಕಿ.ಮೀ. ಅಂದರೆ ಬಯಲುಸೀಮೆಯಿಂದ ಬಂದವರಿಗೆ ಹತ್ತು ನಿಮಿಷದ ದಾರಿ ಅನ್ನಿಸುತ್ತದೆ, ಆದರೆ ಅದು ಪೂರ್ತಿ ಏರು. ಇನ್ನೊಂದು ಮಾತು. ಎಲ್ಲ ಗೆರೆಗಳನ್ನೂ ಮಡಿಕೇರಿಯಿಂದಲೇ ಹೊರಡಿಸಬೇಡಿ. ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪದಲ್ಲೂ ಜನ ಬಸ್ಸು ಬದಲಾಯಿಸುತ್ತಾರೆ. ಕುಟ್ಟಕ್ಕೆ ಹೋಗುವವರಿಗೆ ಗೋಣಿಕೊಪ್ಪವೇ ನಡುಮನೆ.

ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ಕಾಣದವರು ನಮ್ಮ ನಡುವೆ ಇದ್ದಾರೆ. ಹಾಗಾಗಿ ಬಣ್ಣದ ಜೊತೆ ಪ್ರತಿ ದಾರಿಗೂ ಒಂದು ಅಂಕಿ ಕೊಡಿ. ಕನ್ನಡ ಓದಲು ಬಾರದವರಿಗೂ ಅಂಕಿ ನೆರವಾಗುತ್ತದೆ. ಇನ್ನು 'ನೀವು ಇಲ್ಲಿದ್ದೀರಿ' ಎಂದು ತೋರಿಸುವ ನಿಲ್ದಾಣದ ನಕ್ಷೆಯಲ್ಲಿ, ಓದುವವರ ಮುಂದಿರುವುದು ಮೇಲ್ಭಾಗಕ್ಕೆ ಬರಬೇಕು. ಎದುರು ಬದುರು ಗೋಡೆಗೆ ಒಂದೇ ಪ್ರಿಂಟ್ ಹಾಕಿದರೆ ಒಂದು ಗೋಡೆಯ ಮೇಲೆ ಎಡ ಬಲ ಅದಲುಬದಲಾಗುತ್ತದೆ. ಎರಡಕ್ಕೂ ಬೇರೆ ಬೇರೆ ಪ್ರಿಂಟ್ ಮಾಡಿಸಿ.

ಅಕ್ಷರ, ತಗಡು, ಸ್ಕ್ರೂ

ಹತ್ತು ಮೀಟರ್ ದೂರದಿಂದ ಓದಬೇಕಾದ ಅಕ್ಷರ ಸುಮಾರು 8 ಸೆಂ.ಮೀ. ಎತ್ತರ ಇರಲಿ. ಮಂಜು ಕವಿಯುವ ಜಾಗದಲ್ಲಿ ಇನ್ನೂ ದೊಡ್ಡದಾದರೆ ಒಳ್ಳೆಯದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದಕ್ಕೇ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ. ಸಿನಿಮಾ ಪೋಸ್ಟರಿನ ಅಲಂಕಾರದ ಅಕ್ಷರ ಇಲ್ಲಿ ಬೇಡ.

ಪ್ರಿಂಟಿಂಗ್ ಅಂಗಡಿಯಲ್ಲಿ ಎಚ್ಚರ ಬೇಕು. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಅಲ್ಲಿ ವಿನ್ಯಾಸಕ್ಕೆ ಬಳಸುವ ಕೋರಲ್‌ಡ್ರಾ ತಂತ್ರಾಂಶದ ಹಳೆಯ ಆವೃತ್ತಿಗೆ ಹಾಕಿದರೆ ಒತ್ತುಗಳು ಚದುರಿಹೋಗುತ್ತವೆ. ಅಕ್ಷರಗಳನ್ನು ಗೆರೆಗಳಾಗಿ (ಕರ್ವ್ಸ್) ಬದಲಾಯಿಸಿ ಪಿಡಿಎಫ್ ಕೊಡಿ. ಅಚ್ಚಿಗೆ ಹೋಗುವ ಮೊದಲು ಕಾಗದದಲ್ಲಿ ಪ್ರೂಫ್ ತೆಗೆಸಿ, ಆ ದಾರಿಯ ಊರಿನವರೊಬ್ಬರಿಂದ ಓದಿಸಿ. ಊರ ಹೆಸರಿನ ತಪ್ಪು ಅವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಕಬ್ಬಿಣದ ತಗಡಿಗೆ ಇಲ್ಲಿನ ಮಳೆಯಲ್ಲಿ ತುಕ್ಕು ಖಂಡಿತ. ಅಲ್ಯೂಮಿನಿಯಂ ಹಾಳೆ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ. ರಸ್ತೆಬದಿಯ ಬೋರ್ಡಿಗೆ ಬೆಳಕು ಬಿದ್ದರೆ ಹೊಳೆಯುವ ಶೀಟ್ ಹಾಕಿಸಿ. ಊರ ಹೆಸರು, ದಾರಿ ಬದಲಾಗುವುದಿಲ್ಲ, ಸಮಯ ಬದಲಾಗುತ್ತದೆ. ಆದ್ದರಿಂದ ಸಮಯವನ್ನು ಬಿಚ್ಚಿ ಹಾಕಲು ಬರುವ ಬೇರೆ ಪಟ್ಟಿಯಲ್ಲಿ ಬರೆಸಿ. ಇದೊಂದು ಮಾಡಿದರೆ ಖರ್ಚು ಎಷ್ಟೋ ಉಳಿಯುತ್ತದೆ. ಜಾಗ ಯಾರದೋ ಅವರ ಅನುಮತಿ ಬರಹದಲ್ಲೇ ಪಡೆಯಿರಿ.

ನೋಡಿಕೊಳ್ಳುವ ಲೆಕ್ಕ

ಪ್ರತಿ ಬೋರ್ಡಿಗೂ ಒಂದು ಸಂಖ್ಯೆ ಕೊಟ್ಟು ಮೂಲೆಯಲ್ಲಿ ಬರೆಸಿ. ಪಕ್ಕದಲ್ಲೇ ಕೊನೆಗೆ ತಿದ್ದಿದ ತಿಂಗಳು, ವರ್ಷ, ತಪ್ಪು ಕಂಡರೆ ತಿಳಿಸಲು ಫೋನ್ ನಂಬರ್ ಇರಲಿ. ಆ ನಂಬರ್ ಯಾರದೋ ಸ್ವಂತದ್ದಾಗದೆ ಕಚೇರಿಯದ್ದಾಗಿರಲಿ, ಪದಾಧಿಕಾರಿ ಬದಲಾದರೂ ಕರೆ ತಲುಪಬೇಕು. ಒಂದು ರಿಜಿಸ್ಟರಿನಲ್ಲಿ ಸಂಖ್ಯೆ, ಜಾಗ, ಅಳತೆ, ಬಣ್ಣದ ಕೋಡ್, ಫೋಟೊ ಇಟ್ಟುಕೊಳ್ಳಿ. ನಕ್ಷೆಯ ಮೂಲ ಫೈಲು ಒಂದೇ ಇರಲಿ, ತಿದ್ದುವುದು ಅದರಲ್ಲಿ ಮಾತ್ರ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂಟರ್ನೆಟ್ ನಕ್ಷೆಯಲ್ಲಿ ಯಾರು ಬೇಕಾದರೂ ಸ್ಟಾಪ್ ಸೇರಿಸಬಹುದು, ಬೋರ್ಡು ತಿದ್ದಿದ ದಿನವೇ ಅಲ್ಲೂ ತಿದ್ದಿ.

ವರ್ಷಕ್ಕೆ ಎರಡು ಸಲ ಎಲ್ಲವನ್ನೂ ಸುತ್ತಿ ನೋಡಬೇಕು. ಒಂದು ಮೇ ಕೊನೆಗೆ, ಶಾಲೆ ಶುರುವಾಗುವ, ಮಳೆ ಹಿಡಿಯುವ ಮೊದಲು. ಆಗ ಸ್ಕ್ರೂ ಬಿಗಿ ಮಾಡಿ, ಅಡ್ಡ ಬಂದ ಕೊಂಬೆ ಕಡಿಸಿ, ಮಳೆಗಾಲದ ಬದಲಿ ದಾರಿಯ ಪಟ್ಟಿಯನ್ನು ಸಿದ್ಧವಾಗಿ ಇಟ್ಟುಕೊಳ್ಳಿ. ಭಾಗಮಂಡಲದಲ್ಲಿ ಸಂಗಮ ತುಂಬಿದರೆ ರಸ್ತೆಗೆ ನೀರು ಬರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಅಂಥ ದಿನ ಬೋರ್ಡಿನ ಮೇಲೆ 'ಈ ದಾರಿ ಬಂದ್' ಎಂಬ ಪಟ್ಟಿ ಬೀಳಬೇಕು, ದಾರಿ ತೆರೆದ ದಿನವೇ ಅದನ್ನು ತೆಗೆಯಬೇಕು.

ಇನ್ನೊಂದು ಸುತ್ತು ಅಕ್ಟೋಬರ್ ಮೊದಲ ವಾರದಲ್ಲಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಜನ ಹರಿದು ಬರುವ ಮೊದಲು ಪಾಚಿ ತೊಳೆದಿರಬೇಕು. ಮೆತ್ತಗಿನ ಬಟ್ಟೆ, ಸೋಪಿನ ನೀರು ಸಾಕು. ತಂತಿ ಬ್ರಷ್ ಹಾಕಿದರೆ ಹೊಳೆಯುವ ಶೀಟ್ ಕೆಡುತ್ತದೆ. ಅಂಟಿಸಿದ ಜಾಹೀರಾತು ತೆಗೆಯಿರಿ, ರಾತ್ರಿ ಟಾರ್ಚ್ ಬಿಟ್ಟು ಓದಿ ನೋಡಿ. ಹೊಸ ಬೋರ್ಡು ನಿಲ್ಲಿಸಿದ ಕಡೆ ಹಳೆಯದನ್ನು ಅವತ್ತೇ ಇಳಿಸಿ, ರಿಜಿಸ್ಟರಿನಲ್ಲಿ ಅದರ ಸಂಖ್ಯೆಯ ಮುಂದೆ ತೆಗೆದ ತಾರೀಕು ಬರೆಯಿರಿ.